ಕಾರು ವಿಮೆಯ ಸೇವೆ: ‘ಚಾಲಕನ ನಿರ್ಲಕ್ಷ್ಯ’ ಎಂಬ ಒಂದು ಸಾಲಿಗೆ ಕಡಿತವಾದ 32,000 ರೂಪಾಯಿ

ಬೆಳಗಾವಿಯ ಟಿಳಕವಾಡಿಯಲ್ಲಿ ವಾಸವಾಗಿರುವ ನಾನು ನನ್ನ ಕಾರಿಗೆ ನಾಲ್ಕು ವರ್ಷಗಳಿಂದ ಒಂದೇ ಕಂಪನಿಯ ಸಮಗ್ರ ವಿಮೆಯನ್ನು ಪಡೆಯುತ್ತ ಬಂದಿದ್ದೆ. ಮೊದಲ ಮೂರು ವರ್ಷ ಒಂದೂ ಕ್ಲೇಮು ಮಾಡದ ಕಾರಣ ನಾಲ್ಕನೆಯ ವರ್ಷದ ಪಾಲಿಸಿಯಲ್ಲಿ ಶೇ. 35ರಷ್ಟು ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ದೊರೆತಿತ್ತು, ಮತ್ತು ಅಲ್ಲಿಯವರೆಗೆ ಕಂಪನಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇತ್ತು. ವಿಮೆಯ ಸೇವೆ ಎಂಥದ್ದು ಎಂಬುದು ಪ್ರೀಮಿಯಂ ಕಟ್ಟುವಾಗ ತಿಳಿಯುವುದಿಲ್ಲ, ಕ್ಲೇಮು ಮಾಡಿದಾಗ ಮಾತ್ರ ತಿಳಿಯುತ್ತದೆ ಎಂಬ ಕಾರಣಕ್ಕೆ ಆ ಒಂದು ಕ್ಲೇಮಿನ ಅನುಭವವನ್ನೇ ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಹಾನಿಯನ್ನು ಅಂದಾಜು ಮಾಡುವ ಸರ್ವೇಯರರ ಕೆಲಸಕ್ಕೆ ಐದಕ್ಕೆ ಐದು, ಕಂಪನಿಯ ಕ್ಲೇಮು ವಿಭಾಗಕ್ಕೆ ಐದಕ್ಕೆ ಒಂದು ಅಂಕ ಕೊಡುತ್ತೇನೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ನಾನು ಚರ್ಚಿಸಲಿರುವ ಷರತ್ತು ವಾಹನ ವಿಮೆಯ ನಿಯಮಾವಳಿಯಾದ 2002ರ ಭಾರತೀಯ ಮೋಟಾರು ಟ್ಯಾರಿಫ್‌ನಿಂದ ಬಂದದ್ದಾಗಿದ್ದು, ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಪಾಲಿಸಿಯಲ್ಲೂ ಅದೇ ಮಾತುಗಳಲ್ಲಿ ಇರುವುದರಿಂದ, ಓದುಗರು ತಮ್ಮ ತಮ್ಮ ಪಾಲಿಸಿಯನ್ನು ಎದುರಿಗಿಟ್ಟುಕೊಂಡೇ ಇದನ್ನು ಓದಬಹುದು.

ಅಪಘಾತ ನಡೆದದ್ದು 2025ರ ಜನವರಿಯಲ್ಲಿ, ಕಬ್ಬು ನುರಿಸುವ ಹಂಗಾಮು ಭರದಲ್ಲಿದ್ದಾಗ. ಬಾಗಲಕೋಟೆಯಲ್ಲಿ ಅಕ್ಕನ ಮನೆಯ ಕಾರ್ಯ ಮುಗಿಸಿಕೊಂಡು ನಾನು ಮತ್ತು ನನ್ನ ಹೆಂಡತಿ ಲೋಕಾಪುರ, ಯರಗಟ್ಟಿ, ನೇಸರಗಿ ಮಾರ್ಗವಾಗಿ ಬೆಳಗಾವಿಗೆ ಮರಳುತ್ತಿದ್ದೆವು. ರಾತ್ರಿ ಎಂಟೂವರೆಯ ಸುಮಾರಿಗೆ, ಯರಗಟ್ಟಿ ದಾಟಿದ ಮೇಲೆ, ಎದುರಿನಿಂದ ಬರುತ್ತಿದ್ದ ಲಾರಿಗಾಗಿ ನಾನು ಹೆಡ್‌ಲೈಟನ್ನು ಡಿಮ್ ಮಾಡಿದೆ. ಲಾರಿ ಪಕ್ಕದಿಂದ ಹಾದುಹೋದ ಮರುಕ್ಷಣ ನನ್ನ ಮುಂದೆ, ಡಾಂಬರಿನ ಅರ್ಧ ಭಾಗವನ್ನು ಆಕ್ರಮಿಸಿ, ಕಬ್ಬು ತುಂಬಿದ ಜೋಡಿ ಟ್ರೇಲರಿನ ಹಿಂಭಾಗ ಕತ್ತಲೆಯಲ್ಲಿ ನಿಂತಿತ್ತು. ಬ್ರೇಕ್ ಒತ್ತಿ ಬಲಕ್ಕೆ ಎಳೆದುಕೊಂಡೆನಾದರೂ ಕಾರಿನ ಎಡ ಮುಂಭಾಗ ಟ್ರೇಲರಿಗೆ ಗುದ್ದಿತು, ಹೊರಚಾಚಿದ್ದ ಕಬ್ಬು ಮುಂದಿನ ಗಾಜನ್ನು ಒಡೆದು ಒಳಗೆ ಬಂತು. ಗಾಜಿನ ಚೂರುಗಳು ಹೆಂಡತಿಯ ಮಡಿಲಲ್ಲಿ ಬಿದ್ದಿದ್ದವು. ಇಬ್ಬರಿಗೂ ಗಾಯವಾಗಲಿಲ್ಲ ಎಂಬುದನ್ನು ಇಂದಿಗೂ ದೇವರ ದಯೆ ಎಂದೇ ನಂಬಿದ್ದೇನೆ.

ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. “ಟೈರ್ ಒಡದೈತ್ರೀ ಸರ, ಮಾಲಕರು ಸ್ಟೆಪ್ನಿ ತರಾಕ ಹೋಗ್ಯಾರ್ರೀ” ಎಂದು ನಡುಗುತ್ತ ಹೇಳಿದ. ಅವನು ಟ್ರೇಲರಿನ ಹಿಂದೆ ನಾಲ್ಕು ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದ. ಆದರೆ ಹಿಂದಿನ ಟ್ರೇಲರಿಗೆ ದೀಪವಿರಲಿಲ್ಲ, ಪ್ರತಿಫಲಕ ಪಟ್ಟಿ ಇರಲಿಲ್ಲ, ಕತ್ತಲೆಯಲ್ಲಿ ಕಲ್ಲು ಯಾರಿಗೂ ಕಾಣುವುದಿಲ್ಲ. ವಾಹನಗಳನ್ನು ಸರಿಸುವ ಮೊದಲೇ ನನ್ನ ಹೆಂಡತಿ ಮೊಬೈಲಿನಲ್ಲಿ ಹದಿನಾಲ್ಕು ಫೋಟೋ ತೆಗೆದಿದ್ದಳು. ಮುಂದೆ ಇಡೀ ತಕರಾರು ನಿಂತದ್ದು ಆ ಫೋಟೋಗಳ ಮೇಲೆ ಮತ್ತು ಮರುದಿನ ಬೆಳಿಗ್ಗೆ ಪೊಲೀಸರು ಬರೆದ ಸ್ಥಳ ಪಂಚನಾಮೆಯ ಮೇಲೆ. ಟ್ರೇಲರಿಗೆ ಹಿಂಬದಿ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದಿರುವುದನ್ನು ಪಂಚನಾಮೆಯಲ್ಲಿ ಸ್ಪಷ್ಟವಾಗಿ ದಾಖಲಿಸಲಾಗಿತ್ತು.

ಕಂಪನಿಯ ಶುಲ್ಕರಹಿತ ಸಂಖ್ಯೆಗೆ ಅದೇ ರಾತ್ರಿ ತಿಳಿಸಿದೆ. ಕ್ರೇನು ಬರಲು ಎರಡೂವರೆ ಗಂಟೆ ಹಿಡಿಯಿತು, ಆ ಹೊತ್ತಿಗೆ ಆ ಜಾಗಕ್ಕೆ ಅದು ಹೆಚ್ಚೇನಲ್ಲ. ಕಾರನ್ನು ಉದ್ಯಮಬಾಗದ ಒಂದು ಗ್ಯಾರೇಜಿಗೆ ಸಾಗಿಸಲಾಯಿತು. ಮರುದಿನ ಮಧ್ಯಾಹ್ನವೇ ಸರ್ವೇಯರ್ ಬಂದರು. ಐವತ್ತು ಸಾವಿರ ರೂಪಾಯಿಗೆ ಮೀರಿದ ವಾಹನ ಹಾನಿಯನ್ನು ಪರವಾನಗಿ ಪಡೆದ ಸರ್ವೇಯರರಿಂದಲೇ ಅಂದಾಜು ಮಾಡಿಸಬೇಕೆಂಬ ನಿಯಮವಿದೆ. ಇವರು ಕಾರಿನ ಸುತ್ತ ಎರಡು ಗಂಟೆ ಕಳೆದರು, ಬಿಚ್ಚಿದ ಪ್ರತಿಯೊಂದು ಭಾಗವನ್ನು ಕೈಯಲ್ಲಿ ಹಿಡಿದು ನೋಡಿದರು, ರೇಡಿಯೇಟರನ್ನು ದುರಸ್ತಿ ಮಾಡಬಹುದೋ ಬದಲಿಸಬೇಕೋ ಎಂದು ಮೆಕ್ಯಾನಿಕ್‌ನೊಂದಿಗೆ ವಾದಿಸಿದರು, ಯಾವುದಕ್ಕೆ ಎಷ್ಟು ಕಡಿತವಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನನಗೆ ತಿಳಿಸಿದರು.

ಆ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ನ್ಯಾಯವಾದ ಕಡಿತ ಯಾವುದು, ಅನ್ಯಾಯವಾದ ಕಡಿತ ಯಾವುದು ಎಂಬುದು ಬಿಡಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ. ಗ್ಯಾರೇಜಿನ ಒಟ್ಟು ಬಿಲ್ಲು 1,74,000 ರೂಪಾಯಿ. ಇದರಲ್ಲಿ ಬಾನೆಟ್, ಫೆಂಡರ್, ರೇಡಿಯೇಟರ್ ಮೊದಲಾದ ಲೋಹದ ಭಾಗಗಳು 62,000 ರೂಪಾಯಿ. ಮೂರು ವರ್ಷ ದಾಟಿ ನಾಲ್ಕು ವರ್ಷ ತುಂಬದ ವಾಹನದ ಲೋಹದ ಭಾಗಗಳಿಗೆ ಶೇ. 25 ಸವಕಳಿ, ಅಂದರೆ ಬಳಕೆಯಿಂದ ಇಳಿದ ಬೆಲೆ, ಕಳೆಯುತ್ತಾರಾದ್ದರಿಂದ ಒಪ್ಪಿಗೆಯಾದದ್ದು 46,500. ಬಂಪರ್, ಗ್ರಿಲ್‌ನಂಥ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳು 48,000, ಅವುಗಳಿಗೆ ವಾಹನದ ವಯಸ್ಸು ಎಷ್ಟೇ ಇರಲಿ ಅರ್ಧ ಸವಕಳಿ, ಹೀಗಾಗಿ 24,000. ಗಾಜಿಗೆ ಸವಕಳಿ ಇಲ್ಲ, 14,000 ಪೂರ್ತಿ. ಕೂಲಿ 26,000 ಪೂರ್ತಿ. ಬಣ್ಣದ ಖರ್ಚು 24,000, ಅದರಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಎಣಿಸಿ, ಆ 6,000ದ ಅರ್ಧವನ್ನು ಕಳೆದರೆ ಉಳಿದದ್ದು 21,000. ಒಟ್ಟು 1,31,500. ಇದರಿಂದ 1,500 ಸಿಸಿ ಒಳಗಿನ ಕಾರುಗಳಿಗೆ ಕಡ್ಡಾಯವಾಗಿ ಕಳೆಯುವ 1,000 ರೂಪಾಯಿಯನ್ನೂ ಹಳೆಯ ಭಾಗಗಳ ಗುಜರಿ ಬೆಲೆ 2,500ನ್ನೂ ಕಳೆದಾಗ 1,28,000 ರೂಪಾಯಿ ಉಳಿಯಿತು. ಸವಕಳಿ ಇಲ್ಲದ ಹೆಚ್ಚುವರಿ ರಕ್ಷಣೆಯನ್ನು, ಅಂದರೆ ಜನ ‘ಬಂಪರ್ ಟು ಬಂಪರ್’ ಎನ್ನುವುದನ್ನು, ನಾನು ತೆಗೆದುಕೊಂಡಿರಲಿಲ್ಲವಾದ್ದರಿಂದ 46,000 ರೂಪಾಯಿ ನನ್ನ ಕೈಯಿಂದ ಹೋಗಬೇಕಾದದ್ದೇ. ಆ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ತಕರಾರು ಹುಟ್ಟಿದ್ದು ಅದರ ಮುಂದೆ. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ಸರ್ವೇಯರ್ 15 ದಿನಗಳೊಳಗೆ ವರದಿ ಕೊಡಬೇಕು, ವರದಿ ಬಂದ 7 ದಿನಗಳೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ಸರ್ವೇಯರ್ ಹನ್ನೊಂದನೆಯ ದಿನ ವರದಿ ಕೊಟ್ಟರು. ಕಂಪನಿ ಮಾತ್ರ ಮೂವತ್ತೆಂಟು ದಿನ ಸುಮ್ಮನಿತ್ತು. ನಡುವೆ ಯಾರೋ ಒಬ್ಬರು ಬೇರೆ ಊರಿನಿಂದ ಫೋನು ಮಾಡಿ, ಗಾಡಿಯ ವೇಗ ಎಷ್ಟಿತ್ತು ಎಂದು ಕೇಳಿದರು. ಐವತ್ತರಿಂದ ಅರವತ್ತರ ನಡುವೆ ಎಂದು ಇದ್ದದ್ದನ್ನು ಹೇಳಿದೆ. ಕೊನೆಗೆ ಬಂದ ಪತ್ರದಲ್ಲಿ, ನಿಂತಿರುವ ವಾಹನಕ್ಕೆ ಹಿಂದಿನಿಂದ ಗುದ್ದಿರುವುದು ಚಾಲಕನ ನಿರ್ಲಕ್ಷ್ಯವೇ ಆಗಿದ್ದು, ಮುಂದಿನ ವಾಹನದಿಂದ ಸುರಕ್ಷಿತ ಅಂತರವನ್ನು ಕಾಯ್ದುಕೊಂಡಿಲ್ಲವೆಂದೂ, ವಾಹನವನ್ನು ಹಾನಿಯಿಂದ ಕಾಪಾಡಲು ಯುಕ್ತ ಕ್ರಮ ಕೈಗೊಳ್ಳಬೇಕೆಂಬ ಪಾಲಿಸಿಯ ನಾಲ್ಕನೆಯ ಷರತ್ತು ಇದರಿಂದ ಉಲ್ಲಂಘನೆಯಾಗಿದೆಯೆಂದೂ, ಆದ್ದರಿಂದ ಕ್ಲೇಮನ್ನು ‘ನಾನ್-ಸ್ಟ್ಯಾಂಡರ್ಡ್’ ಆಧಾರದ ಮೇಲೆ, ಅಂದರೆ ಷರತ್ತು ಮುರಿದಿದ್ದರಿಂದ ಭಾಗಶಃ, ಶೇ. 75ಕ್ಕೆ ಇತ್ಯರ್ಥಪಡಿಸಲಾಗುತ್ತಿದೆಯೆಂದೂ ಬರೆದಿತ್ತು. 1,28,000 ರೂಪಾಯಿ 96,000ಕ್ಕೆ ಇಳಿದಿತ್ತು.

ಪತ್ರ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಣಕ್ಕಿಂತ ಹೆಚ್ಚಾಗಿ ಕಾಡಿದ್ದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ನಿರ್ಲಕ್ಷ್ಯದಿಂದ ಓಡಿಸಿದೆನೇ ಎಂಬ ಪ್ರಶ್ನೆ. ಹಂಗಾಮಿನಲ್ಲಿ ಆ ರಸ್ತೆ ಹೇಗಿರುತ್ತದೆ ಎಂಬುದು ಗೊತ್ತಿದ್ದೂ ಇನ್ನಷ್ಟು ನಿಧಾನವಾಗಿ ಬರಬಹುದಿತ್ತೇನೋ ಎಂದು ಇಂದಿಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಈ ಗೊಂದಲದಲ್ಲೇ ಮರುದಿನ ನಮ್ಮ ಓಣಿಯಲ್ಲಿರುವ, ವಿಮಾ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಕಾಕಾ ಅವರಲ್ಲಿಗೆ ಪತ್ರ ಹಿಡಿದುಕೊಂಡು ಹೋದೆ. ನಾನು ಪಂಚನಾಮೆ, ಫೋಟೋ, ಲಾರಿಯ ಬೆಳಕು ಎಂದು ಹೇಳುತ್ತಲೇ ಇದ್ದೆ. ಅವರು ಕೈ ಎತ್ತಿ ನಿಲ್ಲಿಸಿದರು. “ಪತ್ರ ಬಿಡು, ಮೊದಲ ಪಾಲಿಸಿ ತಗಿ. ತಪ್ಪು ಯಾರದಂತ ಅದರಾಗ ಎಲ್ಲಿ ಕೇಳೇತಿ, ತೋರಸು ನನಗ.”

ಎಲ್ಲಿಯೂ ಕೇಳಿರಲಿಲ್ಲ. ಸಮಗ್ರ ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಒಪ್ಪಂದಗಳು ಒಂದೇ ಕಾಗದದಲ್ಲಿರುತ್ತವೆ ಎಂಬುದನ್ನು ನಾನು ಆವರೆಗೆ ಗಮನಿಸಿರಲಿಲ್ಲ. ಮೊದಲನೆಯ ಭಾಗ ನಮ್ಮ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ್ದು. ಬೆಂಕಿ, ಕಳವು, ಗಲಭೆ, ಭೂಕಂಪ, ಪ್ರವಾಹ ಇತ್ಯಾದಿಗಳ ಜೊತೆಗೆ ‘ಆಕಸ್ಮಿಕವಾದ ಬಾಹ್ಯ ಕಾರಣ’ದಿಂದ ಆಗುವ ಹಾನಿಯನ್ನು ತುಂಬಿಕೊಡುವುದಾಗಿ ಕಂಪನಿ ಅಲ್ಲಿ ಮಾತು ಕೊಟ್ಟಿರುತ್ತದೆ. ಚಾಲಕನಿಗೆ ಪರವಾನಗಿ ಇಲ್ಲದಿದ್ದರೆ, ಮದ್ಯ ಸೇವಿಸಿ ಓಡಿಸಿದ್ದರೆ, ಖಾಸಗಿ ಕಾರನ್ನು ಬಾಡಿಗೆಗೆ ಬಳಸಿದ್ದರೆ, ಹಾನಿ ಬರಿಯ ಸವೆತದಿಂದ ಅಥವಾ ಯಾಂತ್ರಿಕ ದೋಷದಿಂದ ಆಗಿದ್ದರೆ ಹಣ ಸಿಗುವುದಿಲ್ಲ. ಆದರೆ ಚಾಲಕ ಒಂದು ಕ್ಷಣ ತಪ್ಪಿದರೆ ಹಣ ಸಿಗುವುದಿಲ್ಲ ಎಂದು ಎಲ್ಲಿಯೂ ಇಲ್ಲ. ಹಾಗೆ ಬರೆದಿದ್ದರೆ ಅಂಥ ವಿಮೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಗೇಟಿಗೆ ಕಾರು ಉಜ್ಜುವುದು, ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸುವುದು ಇವೆಲ್ಲ ಚಾಲಕನ ತಪ್ಪುಗಳೇ, ಇವುಗಳ ಕ್ಲೇಮುಗಳು ದಿನವೂ ಇತ್ಯರ್ಥವಾಗುತ್ತವೆ.

ತಪ್ಪು ಯಾರದು ಎಂಬ ಪ್ರಶ್ನೆ ಏಳುವುದು ಎರಡನೆಯ ಭಾಗದಲ್ಲಿ, ಅಂದರೆ ಥರ್ಡ್ ಪಾರ್ಟಿ ಹೊಣೆಯಲ್ಲಿ. ಅಲ್ಲಿ ಒಬ್ಬರ ನಿರ್ಲಕ್ಷ್ಯದಿಂದ ಇನ್ನೊಬ್ಬರಿಗೆ ಆದ ಗಾಯ, ಸಾವು, ಆಸ್ತಿಯ ಹಾನಿಗೆ ಪರಿಹಾರ ನಿರ್ಧಾರವಾಗುತ್ತದೆ, ಮತ್ತು ಅದನ್ನು ನಿರ್ಧರಿಸುವುದು ಎರಡೂ ಕಡೆಯ ಸಾಕ್ಷ್ಯ ಕೇಳಿದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿಯೂ ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ಸಿದ್ಧಸೂತ್ರವಿಲ್ಲ. ವಾಹನವನ್ನು ಇತರರಿಗೆ ಅಪಾಯವಾಗುವಂತೆ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಂ ಹೇಳುತ್ತದೆ. ರಾತ್ರಿ ದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದ ಗ್ಯಾಸ್ ಟ್ಯಾಂಕರಿಗೆ ಕಾರು ಗುದ್ದಿದ ಪ್ರಕರಣವೊಂದರಲ್ಲಿ ಹೈಕೋರ್ಟು ಕಾರಿನ ಚಾಲಕನ ಮೇಲೂ ಅರ್ಧ ತಪ್ಪನ್ನು ಹೊರಿಸಿತ್ತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಎದುರು ವಾಹನದ ಬೆಳಕಿನ ವಿಷಯ ಅಲ್ಲಿಯೂ ಬಂದಿತ್ತು. ಆ ತೀರ್ಪನ್ನು ಕಾಕಾ ತೋರಿಸಿದಾಗ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು. ಸುರಕ್ಷಿತ ಅಂತರದ ನಿಯಮವಂತೂ ಮುಂದೆ ಚಲಿಸುತ್ತಿರುವ ವಾಹನವನ್ನು ಹಿಂಬಾಲಿಸುವವರಿಗೆ ಅನ್ವಯಿಸುವಂಥದ್ದು. ಕತ್ತಲೆಯಲ್ಲಿ ಕಾಣದೆ ನಿಂತಿರುವ ಟ್ರೇಲರಿನಿಂದ ಎಷ್ಟು ಅಂತರ ಕಾಯ್ದುಕೊಳ್ಳಬೇಕು ಎಂಬುದಕ್ಕೆ ಕಂಪನಿಯ ಪತ್ರದಲ್ಲಿ ಉತ್ತರವಿರಲಿಲ್ಲ.

ಇನ್ನು ನಾಲ್ಕನೆಯ ಷರತ್ತು. ಅದನ್ನು ಪೂರ್ತಿ ಓದಿದರೆ ಅರ್ಥ ತಾನಾಗಿ ತಿಳಿಯುತ್ತದೆ. ಪಾಲಿಸಿದಾರ ವಾಹನವನ್ನು ಹಾನಿಯಿಂದ ಕಾಪಾಡಲು ಮತ್ತು ಸುಸ್ಥಿತಿಯಲ್ಲಿ ಇಡಲು ಯುಕ್ತ ಕ್ರಮ ಕೈಗೊಳ್ಳಬೇಕು ಎಂದ ಮೇಲೆ, ಅಪಘಾತವಾದಾಗ ಅಥವಾ ಕೆಟ್ಟು ನಿಂತಾಗ ಅದನ್ನು ಮುನ್ನೆಚ್ಚರಿಕೆಯಿಲ್ಲದೆ ಬಿಟ್ಟುಹೋಗಬಾರದು, ದುರಸ್ತಿಗೆ ಮೊದಲೇ ಓಡಿಸಿದರೆ ಹೆಚ್ಚುವರಿ ಹಾನಿ ಪಾಲಿಸಿದಾರನ ಹೊಣೆ ಎಂದು ಅದೇ ಷರತ್ತು ಮುಂದುವರಿಯುತ್ತದೆ. ವಾಹನದ ಪಾಲನೆಯ ಬಗ್ಗೆ ಬರೆದ ಮಾತನ್ನು ಕಂಪನಿ ಚಾಲನೆಯ ಮೇಲಿನ ತೀರ್ಪಾಗಿ ಬಳಸಿಕೊಂಡಿತ್ತು. ಶೇ. 75ರ ಮಾತೂ ಹಾಗೆಯೇ. ಖಾಸಗಿ ವಾಹನವನ್ನು ಬಾಡಿಗೆಗೆ ಬಿಟ್ಟಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಕ್ಲೇಮನ್ನು ಪೂರ್ತಿ ತಿರಸ್ಕರಿಸದೆ ನಾನ್-ಸ್ಟ್ಯಾಂಡರ್ಡ್ ಆಧಾರದ ಮೇಲೆ ಇತ್ಯರ್ಥಪಡಿಸಬೇಕಿತ್ತು ಎಂದು ಹೇಳಿತ್ತು. ಷರತ್ತು ನಿಜವಾಗಿ ಮುರಿದವನಿಗೂ ಒಂದಿಷ್ಟು ಸಿಗಲಿ ಎಂದು ಬಂದ ದಾರಿಯದು. ಯಾವ ಷರತ್ತನ್ನೂ ಮುರಿಯದವನಿಂದ ಕಾಲು ಭಾಗ ಕಿತ್ತುಕೊಳ್ಳಲು ಅದನ್ನು ಬಳಸಿದ್ದು ನನಗೆ ಅತ್ಯಂತ ನೋವು ಕೊಟ್ಟ ಸಂಗತಿ.

ಇಲ್ಲಿ ನನ್ನದೂ ಒಂದು ತಪ್ಪಿದೆ. ಕ್ಲೇಮು ಅರ್ಜಿಯನ್ನು ನಾನು ಬರೆದಿರಲಿಲ್ಲ. ಗ್ಯಾರೇಜಿನ ಹುಡುಗ ಇಂಗ್ಲಿಷಿನಲ್ಲಿ ತುಂಬಿ ತಂದದ್ದಕ್ಕೆ ಸಹಿ ಹಾಕಿದ್ದೆ. ಅಪಘಾತದ ವಿವರಣೆಯ ಜಾಗದಲ್ಲಿ ‘ನಿಂತಿದ್ದ ಟ್ರೇಲರನ್ನು ಚಾಲಕ ಗಮನಿಸದೆ ಡ್ಯಾಶ್ ಹೊಡೆದ’ ಎಂಬರ್ಥದ ಒಂದೇ ವಾಕ್ಯವಿತ್ತು. ದೀಪವಿಲ್ಲದ್ದು, ಎದುರು ಲಾರಿ, ಒಡೆದ ಟೈರು, ರಸ್ತೆಯ ಮೇಲಿದ್ದ ಅರ್ಧ ಟ್ರೇಲರು ಯಾವುದೂ ಅಲ್ಲಿರಲಿಲ್ಲ. ‘ಕಾಣಿಸಲಿಲ್ಲ’ ಎಂಬುದು ‘ಗಮನಿಸಲಿಲ್ಲ’ ಎಂದಾಗಿತ್ತು. ಕಂಪನಿ ತನ್ನ ಪತ್ರದಲ್ಲಿ ಇದನ್ನೇ ನನ್ನ ಒಪ್ಪಿಗೆ ಎಂದು ಉದ್ಧರಿಸಿತು. ಆ ಹುಡುಗ ದಿನಕ್ಕೆ ಹತ್ತು ಅರ್ಜಿ ತುಂಬುವವನು, ಅವನನ್ನು ದೂರುವುದಿಲ್ಲ. ಆದರೆ ಬೆಳಗಾವಿಯ ಗ್ಯಾರೇಜುಗಳಲ್ಲಿ ಹೀಗೆ ಅರ್ಜಿಗೆ ಸಹಿ ಹಾಕಿ ಬರುವವರು ನನ್ನಂತೆ ಅನೇಕರಿದ್ದಾರೆ. ಆ ನಾಲ್ಕು ಸಾಲನ್ನು ದಯವಿಟ್ಟು ನೀವೇ ಬರೆಯಿರಿ, ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಬರೆದು ಪ್ರತ್ಯೇಕ ಹಾಳೆಯಾಗಿ ಲಗತ್ತಿಸಿರಿ, ಮತ್ತು ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ.

ಕಂಪನಿಯ ನಗರ ಶಾಖೆಯ ವ್ಯವಸ್ಥಾಪಕರು ಸಭ್ಯರು, ನೀರು ಕೊಟ್ಟು ಕೂರಿಸಿದರು, ತೀರ್ಮಾನ ತಮ್ಮ ಕೈಯಲ್ಲಿಲ್ಲ ಎಂದರು. ಅಷ್ಟರಲ್ಲಿ ಕಾರು ಸಿದ್ಧವಾಗಿತ್ತು, ಮತ್ತು ಉಳಿದ ಹಣ ಕಟ್ಟದೆ ಗ್ಯಾರೇಜಿನವರು ಬಿಡುವಂತಿರಲಿಲ್ಲ. 78,000 ರೂಪಾಯಿ ಕಟ್ಟಿ ಕಾರು ತಂದೆ. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದು ಮುದ್ರಿಸಿದ್ದ ರಸೀತಿಗೆ ಸಹಿ ಹಾಕುವಾಗ, ಕಾಕಾ ಹೇಳಿಕೊಟ್ಟಂತೆ, ‘96,000 ರೂಪಾಯಿಯನ್ನು ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ, ಉಳಿದ 32,000ದ ಹಕ್ಕನ್ನು ಬಿಟ್ಟಿಲ್ಲ’ ಎಂದು ಪಕ್ಕದಲ್ಲಿ ಬರೆದೆ. ನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೂರು ಪುಟದ ಮನವಿಯನ್ನು ಕಳುಹಿಸಿ, ವಿಮಾ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲೂ ದೂರು ದಾಖಲಿಸಿದೆ. ಹದಿನಾರು ದಿನಗಳ ಮೇಲೆ ಬಂದ ಉತ್ತರದಲ್ಲಿ ಮೊದಲ ಪತ್ರದ ವಾಕ್ಯಗಳೇ ಇದ್ದವು. ಪಂಚನಾಮೆಯ ಪ್ರಸ್ತಾಪವೇ ಇರಲಿಲ್ಲ.

ಈ ಇಡೀ ಪ್ರಸಂಗದಲ್ಲಿ ನಾನು ಮನಸಾರೆ ಶಿಫಾರಸು ಮಾಡುವ ಸೇವೆಯೆಂದರೆ ಅದರ ನಂತರ ನಾನು ಮೊರೆಹೋದ, ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರನ್ನು ಇಡಬೇಕಾಗಿಲ್ಲ. ಮೊದಲು ಕಂಪನಿಗೆ ಲಿಖಿತವಾಗಿ ಮನವಿ ಕೊಟ್ಟಿರಬೇಕು, ಅದು ತಿರಸ್ಕೃತವಾಗಿರಬೇಕು ಅಥವಾ ಒಂದು ತಿಂಗಳೊಳಗೆ ಉತ್ತರ ಬಾರದಿರಬೇಕು, ತಿರಸ್ಕಾರದ ದಿನದಿಂದ ಒಂದು ವರ್ಷದೊಳಗೆ ದೂರು ಕೊಡಬೇಕು, ಅದೇ ವಿಷಯ ನ್ಯಾಯಾಲಯದಲ್ಲಾಗಲಿ ಗ್ರಾಹಕ ಆಯೋಗದಲ್ಲಾಗಲಿ ಇರಬಾರದು. ಬೆಳಗಾವಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದ್ದು, ಅಲ್ಲಿಯೂ ಹೋಗಬಹುದಿತ್ತು. ಆದರೆ ಇಷ್ಟು ಮೊತ್ತಕ್ಕೆ ಒಂಬುಡ್ಸ್‌ಮನ್ ಬೇಗ ಆಗುತ್ತದೆ ಎಂದು ಕಾಕಾ ಹೇಳಿದರು. ಏಪ್ರಿಲ್‌ನಲ್ಲಿ ದೂರು ಕಳುಹಿಸಿದೆ, ಜುಲೈಯಲ್ಲಿ ವಿಡಿಯೋ ಮೂಲಕ ವಿಚಾರಣೆಯಾಯಿತು, ಬೆಂಗಳೂರಿಗೆ ಹೋಗುವ ಪ್ರಮೇಯವೇ ಬರಲಿಲ್ಲ.

ವಿಚಾರಣೆ ಇಪ್ಪತ್ತು ನಿಮಿಷವೂ ನಡೆಯಲಿಲ್ಲ. ನಾನು ಟ್ರೇಲರಿನ ಫೋಟೋಗಳನ್ನು ತೆರೆದಿಟ್ಟುಕೊಂಡು ಸಿದ್ಧನಾಗಿದ್ದೆ, ಆದರೆ ಅವುಗಳ ಸರದಿ ಬರುವ ಮೊದಲೇ ಕಂಪನಿಯ ಪ್ರತಿನಿಧಿಗೆ ಕಾಕಾ ಕೇಳಿದ್ದ ಪ್ರಶ್ನೆಯೇ ಎದುರಾಯಿತು: ಸ್ವಂತ ಹಾನಿಯ ಭಾಗದಲ್ಲಿ ಚಾಲಕನ ನಿರ್ಲಕ್ಷ್ಯಕ್ಕೆ ಕಡಿತ ಮಾಡಬಹುದೆಂದು ಯಾವ ಷರತ್ತಿನಲ್ಲಿದೆ? ಅವರು ನಾಲ್ಕನೆಯ ಷರತ್ತನ್ನು ಓದಿದರು. ಮುಂದಿನ ವಾಕ್ಯವನ್ನೂ ಓದಿರಿ ಎಂದು ಸೂಚನೆ ಬಂತು. ಓದಿ ಮುಗಿಸಿ ಅವರು ಸುಮ್ಮನಾದರು. ಸರ್ವೇಯರ್ ಅಂದಾಜಿಸಿದ ಮೊತ್ತವನ್ನು ಪೂರ್ತಿ ಕೊಡಬೇಕೆಂದು ಆದೇಶವಾಯಿತು, ಆಗಸ್ಟ್‌ನಲ್ಲಿ 32,000 ರೂಪಾಯಿ ಬಡ್ಡಿ ಸಮೇತ ನನ್ನ ಖಾತೆಗೆ ಜಮೆಯಾಯಿತು.

ನವೀಕರಣದ ವೇಳೆಗೆ ಶೇ. 35ರ ಬೋನಸ್ ಸೊನ್ನೆಗೆ ಇಳಿದಿತ್ತು. ಅದು ತಪ್ಪಿಗೆ ಹಾಕಿದ ದಂಡವಲ್ಲ, ತಪ್ಪು ಯಾರದೇ ಇರಲಿ ಸ್ವಂತ ಹಾನಿಗೆ ಕ್ಲೇಮು ಮಾಡಿದ ಮೇಲೆ ಬೋನಸ್ ಹೋಗುತ್ತದೆ. ಈ ಸಲ ಬೇರೆ ಕಂಪನಿಯಲ್ಲಿ, ಸವಕಳಿ ಇಲ್ಲದ ರಕ್ಷಣೆಯನ್ನು ಸೇರಿಸಿಕೊಂಡು ಪಾಲಿಸಿ ಮಾಡಿಸಿದ್ದೇನೆ.

ಹಳೆಯ ಕಂಪನಿಯೊಂದಿಗೆ ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಹಣ ಬಂದರೂ, ಅವರ ಕಡತದಲ್ಲಿ ನನ್ನ ಹೆಸರಿನ ಮುಂದೆ ‘ಚಾಲಕನ ನಿರ್ಲಕ್ಷ್ಯ’ ಎಂಬ ಸಾಲು ಹಾಗೆಯೇ ಉಳಿದಿದೆ. ಅದನ್ನು ಲಿಖಿತವಾಗಿ ಹಿಂಪಡೆಯಬೇಕೆಂದು ಎರಡು ಸಲ ಬರೆದಿದ್ದೇನೆ. ಕ್ಲೇಮು ಮುಕ್ತಾಯವಾಗಿದೆ ಎಂಬ ಒಂದು ಸಾಲಿನ ಉತ್ತರ ಮೊದಲ ಪತ್ರಕ್ಕೆ ಬಂದಿತು, ಎರಡನೆಯದಕ್ಕೆ ಉತ್ತರವಿಲ್ಲ. ಮೂರನೆಯ ಪತ್ರವನ್ನು ಪಂಚನಾಮೆಯ ಪ್ರತಿ ಲಗತ್ತಿಸಿ ಕಳೆದ ವಾರ ಅಂಚೆಯಲ್ಲಿ ಕಳುಹಿಸಿದ್ದೇನೆ.